ಬೆಳೆಯೋ ಮಕ್ಕಳಿಗೆ ಎರಡಿಂಚು

ಶಾಲೆಯಲ್ಲಿ ಮಕ್ಕಳ ಎತ್ತರ ಅಳೆಯುವ ಕೋಲು ಮುರಿದದ್ದು ಸೋಮವಾರ. ಅದು ಬೇಕಾದದ್ದು ಮಂಗಳವಾರ. ಮುರಿದವರು ಡ್ರಿಲ್ ಮಾಸ್ತರು. ಸೂರಿನ ಮೇಲೆ ಸಿಕ್ಕಿಕೊಂಡ ಚೆಂಡನ್ನು ಅದರಿಂದ ಕೆಡವಲು ಹೋಗಿ ಎರಡು ತುಂಡು ಮಾಡಿ, "ಗೆದ್ದಲು ಹಿಡಿದಿತ್ತು" ಎಂದು ಕೈತೊಳೆದುಕೊಂಡರು. ಕೋಲು ಕಬ್ಬಿಣದ್ದು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಡಾಕ್ಟರಮ್ಮ ಬರುವವರಿದ್ದರು. ಅಷ್ಟರೊಳಗೆ ಎಂಟನೇ ತರಗತಿಯ ಇಪ್ಪತ್ತೆರಡು ಮಕ್ಕಳ ಎತ್ತರ, ತೂಕ ಬರೆದು, ಗೋಡೆಯ ಪಟದ ಮೇಲೆ ಒಬ್ಬೊಬ್ಬರಿಗೂ ಒಂದು ಚುಕ್ಕೆ ಇಡಬೇಕಿತ್ತು. ಪಟದಲ್ಲಿ ಮೂರು ಗೆರೆ. ಇಷ್ಟು ವಯಸ್ಸಿನ, ಇಷ್ಟು ಎತ್ತರದ ಮಗು ಇಷ್ಟು ತೂಗಬೇಕು ಅನ್ನುವುದು ನಡುಗೆರೆ. ಮೇಲಿನ ಗೆರೆ ದಾಟಿದರೆ ಬೊಜ್ಜು, ಕೆಳಗಿನ ಗೆರೆಯಿಂದ ಜಾರಿದರೆ ಸೊರಗು.

ಅಂದು ಬೆಳಗ್ಗೆಯೇ ಹೊಸ ಯೂನಿಫಾರಂಗೆ ಅಳತೆ ತೆಗೆಯಲು ಟೈಲರ್ ಬಂದ. ಹೆಡ್ ಮೇಡಂ ಅವನ ಕೊರಳಿನ ಟೇಪು ನೋಡಿದ್ದೇ, "ಹೇಗೂ ಬಂದಿದ್ದೀಯಲ್ಲ, ಎತ್ತರಾನೂ ನೀನೇ ಅಳೆದುಬಿಡು" ಅಂದರು.

ಟೈಲರ್ ಒಳ್ಳೆಯ ಕೆಲಸಗಾರ. ಆದರೆ ಹುಟ್ಟಾ ಅನುಮಾನದ ಪ್ರಾಣಿ. ಎದುರಿಗೆ ಬಂದವರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ರಸ್ತೆಯುದ್ದಕ್ಕೂ ಯೋಚಿಸುವವನು. ಈಗಲೂ ಅವನಿಗೆ ಅನುಮಾನ: ತಪ್ಪಾದರೆ ನನ್ನ ತಲೆಗೆ ಕಟ್ಟಲಿಕ್ಕೇ ಕರೆದಿರಬೇಕು. ಅದಕ್ಕೇ ಒಂದೊಂದು ಮಗುವನ್ನೂ ಗೋಡೆಗೆ ಒತ್ತಿ ನಿಲ್ಲಿಸಿ, ಎರಡೆರಡು ಸಲ ಟೇಪು ಹಿಡಿದು, ತಾನೇ ಬರೆದುಕೊಟ್ಟ. ತೂಕದ ಯಂತ್ರದ ಬಳಿ ಡ್ರಿಲ್ ಮಾಸ್ತರು ನಿಂತರು.

ಹನ್ನೊಂದು ಗಂಟೆಗೆ ಚುಕ್ಕೆಗಳು ಬಿದ್ದವು. ಇಪ್ಪತ್ತೆರಡರಲ್ಲಿ ಹದಿನೇಳು, ಕೆಳಗಿನ ಗೆರೆಗಿಂತ ಕೆಳಗೆ.

"ಇದೇನ್ರೀ ಇದು! ಹೋದ ವರ್ಷ ಎಲ್ಲ ನಡುಗೆರೆ ಮೇಲೆ ಸಾಲಾಗಿ ಕೂತಿದ್ದವು!" ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಚುಕ್ಕೆ ಮೇಲೇಳಲಿಲ್ಲ.

"ನಾನು ಯಾರ ಮೇಲೂ ಹೇಳಲ್ಲ ಮೇಡಂ," ಡ್ರಿಲ್ ಮಾಸ್ತರು ದನಿ ತಗ್ಗಿಸಿದರು. "ಆದ್ರೆ ಮಕ್ಕಳು ಮಧ್ಯಾಹ್ನ ಊಟ ಮಾಡೋದು ಇಲ್ಲೇ ತಾನೆ? ಉಗ್ರಾಣದ ಕಾಳು ಪೂರ್ತಿ ಪಾತ್ರೆಗೆ ಬೀಳುತ್ತೋ ಇಲ್ವೋ, ಯಾರು ನೋಡಿದ್ದಾರೆ?"

ಟೈಲರ್ ತಟ್ಟನೆ ತಲೆಯೆತ್ತಿದ. ಹನ್ನೊಂದು ವರ್ಷದಿಂದ ಆ ಅಡುಗೆಮನೆ ನೋಡಿಕೊಳ್ಳುತ್ತಿರುವವಳು ಅವನ ಹೆಂಡತಿ.

ಅವಳನ್ನು ಕರೆಸಿದರು. ಕೈಯಲ್ಲಿ ಸೌಟು ಹಿಡಿದೇ ಬಂದಳು. ಡ್ರಿಲ್ ಮಾಸ್ತರು ಅಷ್ಟರಲ್ಲಿ ಉಗ್ರಾಣಕ್ಕೆ ಓಡಿ, ಕಡಲೆಕಾಳಿನ ಮೂಟೆ ಐದು ಎಂದು ಎಣಿಸಿ ಬರೆದುಕೊಂಡು ಬಂದಿದ್ದರು.

"ಮೂರು ಗಂಟೆಗೆ ಡಾಕ್ಟರಮ್ಮನ ಎದುರಿಗೇ ಮತ್ತೆ ಅಳೆಯೋಣ, ತೂಗೋಣ," ಅಂದರು ಹೆಡ್ ಮೇಡಂ. "ಆಗಲೂ ಮಕ್ಕಳು ಹೀಗೇ ಸೊರಗಿದ್ರೆ, ನೋಡಮ್ಮ, ನಾಳೆಯಿಂದ ನೀವು ಬರೋದು ಬೇಡ."

"ನನ್ನ ಕೈ ಊಟ ಉಂಡ ಮಕ್ಕಳು ಸೊರಗ್ತಾರಾ?" ಅವಳಿಗೆ ಅಳು ಉಕ್ಕಿಬಂತು. ನ್ಯಾಯಕ್ಕೆ ಗಂಡನ ಮುಖ ನೋಡಿದಳು. ಆ ಮಹಾರಾಯ ಏನು ಮಾಡಬೇಕು? ಹತ್ತಿರ ಬಂದು ಮೆಲ್ಲಗೆ, "ನನಗಾದ್ರೂ ನಿಜ ಹೇಳೇ, ಹೋದ ವಾರ ಆ ಭಾರದ ಚೀಲದಲ್ಲಿ ಏನಿತ್ತು?" ಎಂದು ಕೇಳಿದ. ಅವಳು ಸೌಟನ್ನು ಎತ್ತಿದಳು. ಹೆಡ್ ಮೇಡಂ ಎದುರಿಗಿದ್ದುದರಿಂದ ಇಳಿಸಿದಳು. ಚೀಲದಲ್ಲಿದ್ದದ್ದು ಅವನೇ ರಿಪೇರಿ ಮಾಡಿಸಿ ತರಲು ಹೇಳಿದ್ದ ಇಸ್ತ್ರಿಪೆಟ್ಟಿಗೆ. ಅವಳು ಸರಸರನೆ ಹೊರಟುಹೋದಳು.

ಹನ್ನೆರಡೂವರೆಗೆ ಟೈಲರ್ ಕಳ್ಳನ ಹಾಗೆ ಅಡುಗೆಮನೆಗೆ ನುಗ್ಗಿದ. ಅವಳು ಬಡಿಸಲು ಹೋಗಿದ್ದಳು. ಗೂಟದಲ್ಲಿದ್ದ ಅವಳ ಚೀಲಕ್ಕೆ ಕೈ ಹಾಕಿದರೆ ಸೂಜಿ, ದಾರದ ಉಂಡೆ, ತನ್ನ ಅಂಗಡಿಯದೇ ಸಣ್ಣ ಕತ್ತರಿ! ಅಡುಗೆಯವಳಿಗೆ ಸೂಜಿ ಯಾಕೆ? ಅವನ ತಲೆ ಜೋರಾಗಿ ಓಡಿತು. ಮೂಟೆ ಬಿಚ್ಚಿ, ಕಾಳು ತೆಗೆದು, ಮತ್ತೆ ಹೊಲಿಯಲು! ನೇರ ಅಂಗಡಿಗೆ ಬಂದು ಮಿಷಿನ್ನಿನ ಮುಂದೆ ಕೂತ.

ಅಲ್ಲಿ ಒಬ್ಬ ತಾಯಿ ಪ್ಯಾಂಟು ಹಿಡಿದು ಕಾಯುತ್ತಿದ್ದಳು. "ಏನಣ್ಣ, ನನ್ನ ಮಗನ ಪ್ಯಾಂಟು ಮಡಿಕೆ ಬಿಚ್ಚಿಹೋಗಿ ನೆಲ ಗುಡಿಸ್ತಾ ಇದೆ. ಅಳತೆ ಸರಿಯಾಗೇ ತಗೊಂಡ್ರಲ್ಲ?"

"ಅಳತೆ ಸರೀನೇ ಇರುತ್ತಮ್ಮ," ಟೈಲರ್ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ ಉತ್ತರವನ್ನೇ ಹೇಳಿದ. "ಬೆಳೆಯೋ ಮಕ್ಕಳಲ್ವಾ? ಟೇಪು ಎಷ್ಟು ತೋರಿಸಿದ್ರೂ ಬರೆಯೋವಾಗ ನಾನು ಎರಡಿಂಚು ಜಾಸ್ತಿ..."

ಬಾಯಿ ತೆರೆದದ್ದು ತೆರೆದೇ ಉಳಿಯಿತು.

ಬೆಳಗ್ಗೆ ಇಪ್ಪತ್ತೆರಡು ಮಕ್ಕಳಿಗೂ ಅವನು ಅದನ್ನೇ ಮಾಡಿದ್ದ. ಟೇಪು ಐವತ್ತೆಂಟು ಅಂದರೆ ಕೈ ತಾನಾಗಿ ಅರವತ್ತು ಬರೆದಿತ್ತು. ಮಕ್ಕಳು ಸೊರಗಿರಲಿಲ್ಲ, ಕಾಗದದ ಮೇಲೆ ಉದ್ದವಾಗಿದ್ದರು.

ಓಡಿಹೋಗಿ ಒಪ್ಪಿಕೊಳ್ಳಬಹುದಿತ್ತು. ಎರಡು ಹೆಜ್ಜೆ ಇಟ್ಟೂ ಇಟ್ಟ. ಅಷ್ಟರಲ್ಲಿ ಮತ್ತೆ ಅನುಮಾನ ಕಾಲಿಗೆ ತೊಡರಿತು: 'ಅಳತೆಯೇ ಬಾರದ ಟೈಲರ್' ಎಂದು ಯೂನಿಫಾರಂ ಕೆಲಸವನ್ನೇ ಕಿತ್ತುಕೊಂಡರೆ? ಹೇಗೂ ಮೂರಕ್ಕೆ ಮರು ಅಳತೆ ಇದೆಯಲ್ಲ. ಆಗ ಸದ್ದಿಲ್ಲದೆ ಸರಿಯಾದ ಎತ್ತರ ಬರೆದರಾಯಿತು. ಹೆಂಡತಿಯೂ ಉಳಿದಳು, ಮಾನವೂ ಉಳಿಯಿತು. ಹೆಂಡತಿಗೆ ಹೇಳೋಣವೆಂದರೆ ಆ ಸೂಜಿಯ ಗುಟ್ಟು ಇನ್ನೂ ಬಿಡಿಸಿರಲಿಲ್ಲ. ಹೇಳಲಿಲ್ಲ.

ಮೂರಕ್ಕೆ ಡಾಕ್ಟರಮ್ಮ ಬಂದರು. ಮಕ್ಕಳು ಸಾಲಾಗಿ ಬಂದರು. ಯಾಕೋ ಎಲ್ಲರೂ ಕೆಸರಿನಲ್ಲಿ ನಡೆದ ಹಾಗೆ ಕಾಲೆಳೆದುಕೊಂಡು ಬಂದರು. ಟೈಲರ್ ತನ್ನ ಬಲಗೈಯನ್ನು ಎಡಗೈಯಲ್ಲಿ ಬಿಗಿಹಿಡಿದುಕೊಂಡು, ಟೇಪು ತೋರಿಸಿದ್ದನ್ನೇ ಬರೆದ. ಒಂದು ಕೂದಲೆಳೆಯೂ ಹೆಚ್ಚಿಲ್ಲ. ಹೆಂಡತಿ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದಳು. ಗಂಡನ ಕಡೆ ನೋಡಲಿಲ್ಲ.

ಡಾಕ್ಟರಮ್ಮ ಬೆಳಗಿನ ಪಟ್ಟಿಯನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲು ಹೋಲಿಸಿದರು.

"ಹೆಡ್ ಮೇಡಂ, ಇಷ್ಟು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ. ಬೆಳಗ್ಗೆ ಹನ್ನೊಂದರಿಂದ ಈಗಿನವರೆಗೆ ಈ ಮಕ್ಕಳು ಎರಡಿಂಚು ಕುಗ್ಗಿದ್ದಾರೆ, ಎರಡು ಕಿಲೋ ಹಿಗ್ಗಿದ್ದಾರೆ."

"ನೋಡಿದ್ರಾ! ನನ್ನ ಊಟ!" ಎಂದಳು ಹೆಂಡತಿ. ಎರಡಿಂಚಿನ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಟೈಲರ್‌ಗೆ ಎರಡು ಕಿಲೋ ಎಲ್ಲಿಂದ ಬಂತೆಂದು ತಿಳಿಯಲಿಲ್ಲ.

ತೂಕದ ಯಂತ್ರದ ಮೇಲಿದ್ದ ಕೊನೆಯ ಹುಡುಗಿ ಮುಗಿಯಿತೆಂದು ಖುಷಿಯಿಂದ ಕೆಳಗೆ ಜಿಗಿದಳು. ಲಂಗದ ಅಂಚು ಪರ್ರೆಂದಿತು. ಕಡಲೆಕಾಳು ಸುರಿಯಿತು; ಕುರ್ಚಿಯ ಕೆಳಗೆ, ಪಟದ ಕೆಳಗೆ, ಡಾಕ್ಟರಮ್ಮನ ಚಪ್ಪಲಿಯೊಳಗೆ, ಕೋಣೆ ತುಂಬ ಉರುಳಿತು. ಅದನ್ನು ಮೆಟ್ಟಿ ಡ್ರಿಲ್ ಮಾಸ್ತರು ದಬಕ್ಕನೆ ಕೂತರು. ಕೂತಲ್ಲಿಂದಲೇ ಪಕ್ಕದ ಹುಡುಗನ ಪ್ಯಾಂಟಿನ ಮಡಿಕೆ ಹಿಸುಕಿ, "ಇಲ್ಲೂ ಇದೆ! ಎಲ್ಲರ ಮಡಿಕೇಲೂ, ಒಳಜೇಬಲ್ಲೂ ಇದೆ!" ಎಂದು ಕೂಗಿದರು. ಉಗ್ರಾಣಕ್ಕೆ ಹೋಗಿ ನೋಡಿದರೆ ಐದು ಮೂಟೆಯಲ್ಲಿ ಒಂದರ ಮುಕ್ಕಾಲು ಭಾಗ ಖಾಲಿ.

ಬೆಳೆಯೋ ಮಕ್ಕಳೆಂದು ಟೈಲರ್ ಪ್ರತಿ ಬಟ್ಟೆಯ ಅಂಚಿಗೂ ಎರಡಿಂಚು ಮಡಿಚಿ, ಮುಂದೆ ಬಿಚ್ಚಲು ಸುಲಭವಾಗಲೆಂದು ಕಚ್ಚಾ ಹೊಲಿಗೆ ಹಾಕಿರುತ್ತಿದ್ದ. ಆ ಗುಟ್ಟು ಅವನ ಹೆಂಡತಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಊಟದ ಹೊತ್ತಿನಲ್ಲಿ ಮಕ್ಕಳನ್ನು ಪುಸಲಾಯಿಸಿ, ಮಡಿಕೆ ಬಿಚ್ಚಿ, ತೂಕ ತುಂಬಿ ಹೊಲಿದಿದ್ದಳು.

"ಮೇಡಂ, ತೂಕಕ್ಕೆ ಅಂತ ಹಾಕಿದ್ದು, ಆಮೇಲೆ ವಾಪಸ್ ಮೂಟೆಗೇ..." ಎಂದು ಅವಳು ಅಳತೊಡಗಿದಳು.

"ಅಳತೆ ತಪ್ಪಿದ್ದು ನಾನು ಮೇಡಂ! ನಾನೇ ಎರಡಿಂಚು ಜಾಸ್ತಿ ಬರೆದದ್ದು!" ಟೈಲರ್ ಕೊನೆಗೂ ಬಾಯಿಬಿಟ್ಟ.

ಹೆಡ್ ಮೇಡಂ ಇಬ್ಬರನ್ನೂ ಸರದಿಯಂತೆ ನೋಡಿದರು. "ಗೊತ್ತಾಯ್ತು. ಹೆಂಡತಿ ಕಾಳು ಕೊಡೋದು, ಹೊರಗೆ ಸಾಗಿಸೋಕೆ ಗಂಡ ಬಟ್ಟೆಯಲ್ಲಿ ಜಾಗ ಮಾಡಿಕೊಡೋದು. ಶಾಲೆಯ ಎಲ್ಲ ಮಕ್ಕಳಿಗೂ ಎರಡಿಂಚು ಮಡಿಕೆ ಯಾಕೆ ಅಂತ ಇಪ್ಪತ್ತು ವರ್ಷದಿಂದ ನನಗೆ ಅರ್ಥವೇ ಆಗಿರಲಿಲ್ಲ. ಇಬ್ರೂ ಹೊರಗೆ ಕೂತಿರಿ."

ಒಳಗೆ ಡಾಕ್ಟರಮ್ಮ ಕಾಳು ತೆಗೆಸಿ, ಸರಿಯಾದ ಎತ್ತರಕ್ಕೆ ಸರಿಯಾದ ತೂಕ ಹಿಡಿದು, ಹೊಸ ಚುಕ್ಕೆ ಇಟ್ಟರು. ಇಪ್ಪತ್ತೆರಡೂ ನಡುಗೆರೆಯ ಆಸುಪಾಸಿನಲ್ಲೇ ಕೂತವು. ನೋಡಲು ಯಾರೂ ಇರಲಿಲ್ಲ. ಎಲ್ಲರೂ ಉಳಿದ ತರಗತಿಗಳ ಮಡಿಕೆ ಹಿಸುಕಲು ಹೋಗಿದ್ದರು.

ಹೊರಗೆ ಉದ್ದನೆಯ ಬೆಂಚಿನ ಮೇಲೆ ಗಂಡಹೆಂಡಿರು ಕೂತಿದ್ದರು.

"ರೀ, ಎರಡಿಂಚಿನ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?"

"ಮಧ್ಯಾಹ್ನ, ಊಟದ ಹೊತ್ತಿಗೆ."

"ಮತ್ತೆ ನನಗ್ಯಾಕೆ ಒಂದು ಮಾತು ಹೇಳಲಿಲ್ಲ?"

"ನಿನ್ನ ಚೀಲದಲ್ಲಿ ಸೂಜಿ ಇತ್ತಲ್ಲ... ಸ್ವಲ್ಪ ಅನುಮಾನ ಬಂತು."

ಅವಳು ಎದ್ದು ಹೋಗಿ ಬೆಂಚಿನ ಆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತಳು. ಟೈಲರ್ ನಡುವಿನ ಜಾಗವನ್ನು ಕಣ್ಣಲ್ಲೇ ಅಳೆದ. ಐವತ್ತೆಂಟು ಇಂಚು. ಬೆಳೆಯೋ ಕೋಪ ಅಲ್ಲವೇ ಎಂದು, ಮನಸ್ಸಿನಲ್ಲೇ ಎರಡು ಸೇರಿಸಿ ಅರವತ್ತು ಬರೆದುಕೊಂಡ.