ಬ್ಯಾಟರಿ ತುಂಬೋದು ಯಾವಾಗ, ನಾನು ಉಣ್ಣೋದು ಯಾವಾಗ

ನಮ್ಮ ಮನೆಗೆ ಹೊಸ ಸಾಮಾನು ಬಂದಾಗಲೆಲ್ಲ ಮೊದಲು ಕೆಡುವುದು ನನ್ನ ತಲೆ. ಈ ಸಲ ಕೆಡಿಸಿದ್ದು ಸೋಲಾರ್ ಪ್ಯಾನಲ್.

ಫರೀದಾಬಾದಿನಲ್ಲಿ ನಮ್ಮದು ಮೇಲಿನ ಮಹಡಿ. ಬೇಸಿಗೆಯಲ್ಲಿ ಸರಿಯಾಗಿ ಊಟದ ಹೊತ್ತಿಗೆ ಕರೆಂಟು ಹೋಗುತ್ತದೆ, ಫ್ಯಾನ್ ನಿಲ್ಲುತ್ತದೆ, ಮಗು ಎದ್ದು ಅಳುತ್ತದೆ. ಅದು ಮಲಗಿದರೆ ಮಾತ್ರ ನನಗೆ ಊಟ. ಹೆರಿಗೆಯಾದ ಮೇಲೆ ಸಾರು ಬಿಸಿ ಇರುತ್ತದೆ ಎಂಬುದೇ ಮರೆತುಹೋಗಿತ್ತು. ಹಾಗಾಗಿ ಪ್ಯಾನಲ್ಲು, ಬ್ಯಾಟರಿ, ಅದಕ್ಕೊಂದು ಫ್ಯಾನು ತರಲೇಬೇಕೆಂದು ಹಟ ಹಿಡಿದವಳು ನಾನೇ.

ಅಂಗಡಿಯಲ್ಲಿ

"ಭಯ್ಯಾ, ಬ್ಯಾಟರಿ ತುಂಬೋಕೆ ಎಷ್ಟು ಹೊತ್ತು ಬೇಕು?" ಎಂದೆ.

"ಒಳ್ಳೆ ಬಿಸಿಲಿದ್ದರೆ ಬೇಗ ತುಂಬುತ್ತೆ."

"ಒಳ್ಳೆ ಬಿಸಿಲು ಅಂದರೆ ಯಾವುದು?"

"ಬ್ಯಾಟರಿ ಬೇಗ ತುಂಬಿದರೆ ಅದೇ ಒಳ್ಳೆ ಬಿಸಿಲು."

"ಇಲ್ಲಿ ಆಕಾಶದ ತುಂಬ ಧೂಳು. ಒಳ್ಳೆ ಬಿಸಿಲು ಎಲ್ಲಿಂದ ತರಲಿ?"

ಆತ ಡಬ್ಬ ಕಟ್ಟುತ್ತಲೇ ಹೇಳಿದ, "ಮೇಡಂ, ನಾವು ಪ್ಯಾನಲ್ ಮಾರ್ತೀವಿ, ಬಿಸಿಲು ಮಾರಲ್ಲ."

ಯಜಮಾನರ ಭಾಗಾಕಾರ

ನಮ್ಮವರು ಇಂಜಿನಿಯರು. ನಾನು ಹತ್ತನೇ ಕ್ಲಾಸಿಗೇ ಗಣಿತಕ್ಕೆ ಕೈಮುಗಿದವಳು. ಅವರು ಟೆರೇಸಿನ ಮೇಲೆ ಪ್ಯಾನಲ್ ಕೂರಿಸಿ ಬಂದು, ಬ್ಯಾಟರಿಯ ಮೇಲಿದ್ದ ಅಂಕಿಯನ್ನು ಪ್ಯಾನಲ್ಲಿನ ಅಂಕಿಯಿಂದ ಭಾಗಿಸಿ, "ಹನ್ನೆರಡು ಗಂಟೆ" ಎಂದರು.

"ಹಾಗಾದರೆ ಸಂಜೆಗೆ ತುಂಬುತ್ತೆ."

"ಇಲ್ಲ. ಬಿಸಿಲು ದಿನವೆಲ್ಲ ಇದ್ದರೂ ಕೆಲಸಕ್ಕೆ ಬರೋದು ಐದೇ ಗಂಟೆ. ಎರಡೂವರೆ ದಿನ ಹಿಡಿಯುತ್ತೆ."

"ಮಿಕ್ಕ ಹೊತ್ತು?"

"ಇರುತ್ತೆ, ಆದರೆ ಉಪಯೋಗಕ್ಕೆ ಬರಲ್ಲ."

"ಭಾನುವಾರ ನೀವಿದ್ದ ಹಾಗೆ" ಎಂದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸದವರ ಹಾಗೆ ಇದ್ದರೋ. "ತುಂಬೋವರೆಗೂ ಆ ಫ್ಯಾನ್ ಮುಟ್ಟಬೇಡ" ಎಂದು ಅಪ್ಪಣೆ ಕೊಟ್ಟು ಆಫೀಸಿಗೆ ಹೋದರು. ಫ್ಯಾನ್ ಹಾಕಲೆಂದು ತಂದ ಬ್ಯಾಟರಿಗಾಗಿ ಫ್ಯಾನ್ ಹಾಕದೆ ಕೂತೆವು.

ಕೆಳಮನೆ ಅಂಕಲ್

ಎರಡೂವರೆ ದಿನ ಕಳೆದು ಮತ್ತೂ ಒಂದು ದಿನ ಹೋಯಿತು. ಬ್ಯಾಟರಿ ತುಂಬಿದರೆ ಹಸಿರಾಗಬೇಕಾದ ದೀಪ ಕೆಂಪಾಗಿಯೇ ಇತ್ತು. ನಮ್ಮವರು ಮತ್ತೆ ಭಾಗಿಸಿದರು, ಉತ್ತರ ಅದೇ ಬಂತು. ಮೆಟ್ಟಿಲಲ್ಲಿ ಸಿಕ್ಕ ಕೆಳಮನೆ ಅಂಕಲ್‌ಗೆ ಗೋಳು ಹೇಳಿಕೊಂಡೆ.

"ಬಿಸಿ ಜಾಸ್ತಿಯಾಯ್ತು ಬೇಟಾ. ಬಿಸಿಗೆ ಪ್ಯಾನಲ್ ಸುಸ್ತಾಗುತ್ತೆ."

"ಹಾಗಾದರೆ ನೆರಳಲ್ಲಿಡಲಾ ಅಂಕಲ್?"

"ಅಯ್ಯೋ, ನೆರಳಲ್ಲಿ ಕೆಲಸವೇ ಮಾಡಲ್ಲ. ಬಿಸಿಲು ಬೇಕು, ಬಿಸಿ ಬೇಡ."

ಒಗ್ಗರಣೆ ಬೇಕು, ಎಣ್ಣೆ ಕಾಯಿಸಬೇಡ ಅಂದ ಹಾಗಾಯಿತು. ನನಗಂತೂ ತಿಳಿಯಲಿಲ್ಲ. ಅಂಕಲ್‌ಗೆ ತಿಳಿದಿತ್ತೋ ಇಲ್ಲವೋ, ಅದೂ ತಿಳಿಯಲಿಲ್ಲ.

ಟೆರೇಸಿನ ಮೇಲೆ

ಕೊನೆಗೆ ಶನಿವಾರ ಅಂಗಡಿ ಭಯ್ಯಾನನ್ನೇ ಕರೆಸಿದೆವು. ಅವನು, ನಮ್ಮವರು, ಮಗು ಎತ್ತಿಕೊಂಡು ನಾನು, ಎಲ್ಲ ಟೆರೇಸು ಹತ್ತಿದೆವು. ದಾವಣಗೆರೆಯಿಂದ ಬಾಣಂತನಕ್ಕೆ ಬಂದು ಇನ್ನೂ ಇಲ್ಲೇ ಇದ್ದ ನಮ್ಮತ್ತೆ ಆಗಲೇ ಅಲ್ಲಿದ್ದರು. ಪ್ಯಾನಲ್ ಕಾಣಲಿಲ್ಲ. ಅದರ ಉದ್ದಗಲಕ್ಕೂ ಮಾವನವರ ಹಳೇ ಪಂಚೆ, ಪಂಚೆಯ ತುಂಬ ಅರಳು ಸಂಡಿಗೆ.

ನಮ್ಮವರು ತಲೆ ಮೇಲೆ ಕೈಯಿಟ್ಟುಕೊಂಡರು. "ಅಮ್ಮಾ, ಇದು ಯಾವಾಗಿಂದ?"

"ನೀನು ತಂದು ಕೂರಿಸಿದ ಮಾರನೇ ದಿನದಿಂದ. ಎಷ್ಟು ಚೆಂದ ಮಾಡಿಸಿದ್ದೀಯ ಕಣೋ. ಬಿಸಿಲಿಗೆ ಮುಖ ಮಾಡಿದೆ, ಒಳ್ಳೆ ಇಳಿಜಾರು, ಕೆಳಗಿಂದಲೂ ಶಾಖ. ಇಷ್ಟು ದಿನ ಹೇಳದೆ ಇಟ್ಟಿದ್ದೆಯಲ್ಲ, ಅಮ್ಮನಿಗೆ ಅಂತ ಮಾಡಿಸಿದ್ದು ಅಂದುಕೊಂಡೆ."

ಭಯ್ಯಾ ಕನ್ನಡ ಬಾರದಿದ್ದರೂ ಎಲ್ಲ ಅರ್ಥಮಾಡಿಕೊಂಡ. ಒಂದು ಸಂಡಿಗೆ ಎತ್ತಿ ನೋಡಿ, "ಬಿಸಿಲು ಒಳ್ಳೇದೇ ಇದೆ ಮೇಡಂ" ಎಂದ.

ಸಂಡಿಗೆ ಪಕ್ಕದ ಮಂಚಕ್ಕೆ ಹೋಯಿತು. ಮತ್ತೆ ಎರಡೂವರೆ ದಿನ ಕಾದ ಮೇಲೆ ದೀಪ ಹಸಿರಾಯಿತು. ಮಧ್ಯಾಹ್ನ ಕರೆಂಟು ಹೋಯಿತು, ಫ್ಯಾನ್ ತಿರುಗಿತು, ಮಗು ಮಿಸುಕಲಿಲ್ಲ. ತಟ್ಟೆಯಲ್ಲಿ ಹಬೆಯಾಡುವ ಅನ್ನ, ಬಿಸಿ ಸಾರು. ನನ್ನ ಕಣ್ಣು ತುಂಬಿತು. ಅತ್ತೆ ಮರುಗಿ, ಪ್ಯಾನಲ್ ಮೇಲೆ ಒಣಗಿದ್ದ ಸಂಡಿಗೆಯನ್ನೇ ಕರಿದು ತಟ್ಟೆಯಂಚಿಗೆ ಬಡಿಸಿದರು.

ಕಚ್ಚಿದೆ. ಕರುಂ ಅಂತು.

ಮಗು ಬೆಚ್ಚಿ ಎದ್ದು ಮನೆ ಹಾರಿಹೋಗುವಂತೆ ಅತ್ತಿತು. ನಾನು ತುತ್ತು ಬಿಟ್ಟು ಎದ್ದೆ. ಅತ್ತೆ ಮಾತ್ರ ತೃಪ್ತಿಯಿಂದ ತಲೆದೂಗಿದರು. "ನೋಡಿದೆಯಾ, ಎಷ್ಟು ಚೆನ್ನಾಗಿ ಒಣಗಿದೆ."