ಹಳೆಯ ಕಾರಿಗೆ ಬಾಯಿ ಬಂದದ್ದು

ಕಾರಿನಲ್ಲಿ ಕೂರುವವರಲ್ಲಿ ಎರಡು ಜಾತಿ. ಓಡಿಸುವವರದು ಒಂದು, ಪಕ್ಕದಲ್ಲಿ ಕೂತು ಹೇಗೆ ಓಡಿಸಬೇಕೆಂದು ಹೇಳುವವರದು ಇನ್ನೊಂದು. ನಾನು ಎರಡನೆಯ ಜಾತಿಯಲ್ಲಿ ಬಹಳ ವರ್ಷ ಸುಖವಾಗಿದ್ದವನು. ಹಲಸೂರಿನ ಒಂದು ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವುದು ನನ್ನ ಕೆಲಸ. ಅಂಟು, ದಾರ, ಕತ್ತರಿ ನನ್ನ ಕೈಗೆ ಹೊಂದುತ್ತವೆ, ಸ್ಟೀರಿಂಗ್ ಹೊಂದುವುದಿಲ್ಲ. ನಮ್ಮ ಮನೆಯ ಕಾರನ್ನು ಓಡಿಸುತ್ತಿದ್ದವಳು ನನ್ನ ಹೆಂಡತಿ ಶಾಂತಾ. ಗರುಡಾಚಾರ್‌ಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಅವಳು ಲೈನ್ ಸೂಪರ್‌ವೈಸರ್. ನೂರಾರು ಹೊಲಿಗೆ ಯಂತ್ರಗಳ ಗದ್ದಲವನ್ನು ಮೀರಿ ಮಾತನಾಡಿ ಅಭ್ಯಾಸವಾದ ಗಂಟಲು. ಆ ಗಂಟಲಿಗೆ ಟ್ರಾಫಿಕ್ ಒಂದು ಲೆಕ್ಕವೇ ಅಲ್ಲ. ಕಾರಿನ ಹಾರನ್ ಕೆಟ್ಟು ತಿಂಗಳುಗಟ್ಟಲೆ ಹಾಗೇ ಇದ್ದಾಗಲೂ ನಮಗೆ ಅದರಿಂದ ತೊಂದರೆಯಾಗಲಿಲ್ಲ.

ಹೋದ ವರ್ಷ ಶಾಂತಾ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಅದನ್ನು ನಗುನಗುತ್ತಾ ಬರೆಯುವುದು ನನಗಿನ್ನೂ ಬಂದಿಲ್ಲ.

ಕಾರು ಮಾತ್ರ ಗೇಟಿನ ಒಳಗೆ ಧೂಳು ತಿನ್ನುತ್ತಾ ನಿಂತಿತ್ತು. ಬಾಣಸವಾಡಿಯಲ್ಲಿರುವ ಮಗಳು ರೇಖಾ ಒಂದು ದಿನ ಬಂದು, "ಅಪ್ಪಾ, ಒಂದೋ ಮಾರಿಬಿಡು, ಇಲ್ಲಾ ಓಡ್ಸು. ಹಿಂಗೆ ನಿಲ್ಸಿದ್ರೆ ಇಲಿ ಸಂಸಾರ ಹೂಡುತ್ತೆ" ಎಂದಳು. ಮಾರಲು ಮನಸ್ಸಾಗಲಿಲ್ಲ. ಹಾಗಾಗಿ ತಲೆ ನೆರೆತ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಅಲ್ಲಿ ಕಲಿಸುವವರು ನನ್ನನ್ನು ಮೊದಲು "ಸಾರ್" ಎಂದರು, ಆಮೇಲೆ "ಅಂಕಲ್" ಎಂದರು, ಕೊನೆಯ ದಿನಗಳಲ್ಲಿ "ದೇವರೇ" ಎನ್ನುತ್ತಿದ್ದರು. ಅಂತೂ ಲೈಸೆನ್ಸ್ ಬಂತು. ಹೊಸ ತಿಪ್ಪಸಂದ್ರದ ಮನೆಯಿಂದ ಇಂದಿರಾನಗರದ ಮೇಲೆ ಹಲಸೂರಿಗೆ ಹೋಗಿಬರುವುದನ್ನು ಕಲಿತೆ. ದಾರಿಯಲ್ಲಿ ಫೋನ್ ಬಂದರೆ ಮಾತ್ರ ಪೇಚಾಟ. ಎಡಕ್ಕೆ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಫೋನ್ ನಿಲ್ಲುತ್ತಿತ್ತು, ನಿಲ್ಲಿಸಿ ತಿರುಗಿ ಮಾಡಿದರೆ ಹಿಂದಿನವರು ಬೈಯುತ್ತಿದ್ದರು. ರೇಖಾ ಆಜ್ಞೆ ಮಾಡಿದಳು: ಕಾರಿಗೆ ಬ್ಲೂಟೂತ್ ಹಾಕಿಸಬೇಕು. ಬಾಯಲ್ಲಿ ಹೇಳಿದರೆ ಕೇಳುವಂಥದ್ದು.

ಶಿವಾಜಿನಗರದಲ್ಲಿ ಇಲಿಯಾಸ್ ಎನ್ನುವವರ ಅಂಗಡಿಗೆ ಹೋದೆ. ಅಂಗಡಿ ಎಂದರೆ ಒಂದು ಶಟರು, ಎದುರಿಗೆ ರಸ್ತೆ, ರಸ್ತೆಯೇ ವರ್ಕ್‌ಶಾಪು. ಅವರು ನಮ್ಮ ಕಾರಿನ ಕ್ಯಾಸೆಟ್ ಪ್ಲೇಯರನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅರೆ ಸಾಬ್, ಇದು ಇನ್ನೂ ಜಿಂದಾ ಇದೆಯಾ? ನಮ್ಮ ಅಬ್ಬಾ ಟೈಮ್‌ದು!" ಅದನ್ನು ಕಿತ್ತು, ಆ ಜಾಗದಲ್ಲಿ ಪುಟ್ಟ ಪರದೆಯ ಒಂದು ಸ್ಟೀರಿಯೋ ಕೂರಿಸಿದರು. ಮೈಕನ್ನು ಕನ್ನಡಿಯ ಹತ್ತಿರ ಅಂಟಿಸಿದರು. ಕನ್ನಡದಲ್ಲೂ ಮಾತಾಡುತ್ತದೆ ಎಂದು ಗ್ಯಾರಂಟಿ ಕೊಟ್ಟರು. ಆಮೇಲೆ ಫೋನ್ ಕೇಳಿದರು. ನನ್ನ ಜೇಬಿನಲ್ಲಿ ಎರಡಿದ್ದವು.

ಎರಡನೆಯದು ಶಾಂತಾಳದು. ನಮ್ಮ ಕಾಲದಲ್ಲಿ ಮನುಷ್ಯ ಸಾಯಬಹುದು, ಅವನ ಫೋನ್ ಸಾಯುವಂತಿಲ್ಲ. ಗ್ಯಾಸ್ ಅವಳ ಹೆಸರಿನಲ್ಲಿತ್ತು, ಕರೆಂಟ್ ಬಿಲ್ಲು ಅವಳ ಹೆಸರಿನಲ್ಲಿತ್ತು. ಏನು ಮಾಡಲು ಹೋದರೂ ಓಟಿಪಿ ಅವಳಿಗೇ ಬರುತ್ತಿತ್ತು. ಹೆಸರು ಬದಲಿಸಲು ಹೋಗಿ, ಬದಲಿಸುವುದಕ್ಕೂ ಓಟಿಪಿ ಅವಳಿಗೇ ಬಂದಾಗ ಸುಮ್ಮನಾಗಿದ್ದೆ. ಅವಳ ಫೋನಿಗೆ ದಿನಾ ಚಾರ್ಜ್ ಹಾಕುತ್ತೇನೆ. ಮಹಡಿಯ ಮನೆಯ ಕಿಟಕಿಯ ಪಕ್ಕದ ಶೆಲ್ಫು ಅದರ ಜಾಗ. ಅವತ್ತು ಸಿಲಿಂಡರ್ ಬರುವುದಿತ್ತೆಂದು ಜೇಬಿನಲ್ಲಿಟ್ಟುಕೊಂಡಿದ್ದೆ.

"ಎರಡು ಫೋನಾ? ಎರಡನ್ನೂ ಜೋಡ್ಸಿಬಿಡ್ತೀನಿ, ಬಿಡಿ ಸಾಬ್. ಇದಕ್ಕೆ ಹೆಸರು ಏನ್ ಹಾಕ್ಲಿ?" ಎಂದರು ಇಲಿಯಾಸ್.

ನಾನು ಹೆಸರು ಹೇಳಿದೆ. ಅವರು ಬರೆದರು. ಆಮೇಲೆ ನಾನದನ್ನು ಮರೆತೆ.

ಬಾಯಲ್ಲಿ ಹೇಳಿ ಕೆಲಸ ಮಾಡಿಸುವ ಕಲೆ ನನಗೆ ಬೇಗ ಹತ್ತಲಿಲ್ಲ. ಗುರುತು ಪರಿಚಯವಿಲ್ಲದ ಹೆಣ್ಣುದನಿಯನ್ನು ಏಕವಚನದಲ್ಲಿ ಕರೆಯಲು ನಾಲಿಗೆ ಏಳುತ್ತಿರಲಿಲ್ಲ. "ಸ್ವಲ್ಪ ರೇಖಾಗೆ ಒಂದು ಫೋನ್ ಮಾಡ್ಕೊಡ್ತೀರಾ ಅಮ್ಮಾ" ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಅದಕ್ಕೆ ತಾಳ್ಮೆ ಮುಗಿದಿರುತ್ತಿತ್ತು. "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎನ್ನುತ್ತಿತ್ತು. ನಮ್ಮ ದಾಂಪತ್ಯದಲ್ಲಿ ಅಷ್ಟೂ ವರ್ಷ ನಾವಿಬ್ಬರೂ ಸೇರಿ ಕೇಳಿರದಷ್ಟು ಕ್ಷಮೆಯನ್ನು ಆ ಯಂತ್ರ ಒಂದೇ ವಾರದಲ್ಲಿ ಕೇಳಿತು.

ಸ್ಟೀರಿಯೋ ಹಾಕಿಸಿದ ಮರುದಿನವೇ ಸಂಜೆ ಹಲಸೂರಿನಿಂದ ಬರುತ್ತಾ ಹಳೆಯ ಹಾಡು ಹಾಕಿಕೊಂಡಿದ್ದೆ. ನಮ್ಮ ಗೇಟು ದಾಟಿ ಕಾರು ಒಳಗೆ ಬಂದದ್ದೇ ತಡ, ಹಾಡು ನಡುವೆ ಕತ್ತರಿಸಿದಂತೆ ನಿಂತಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಆ ಯಂತ್ರದ ದನಿ ಸ್ವಚ್ಛವಾಗಿ ಹೇಳಿತು: "ಶಾಂತಾ ಸಂಪರ್ಕಗೊಂಡಿದೆ."

ನಾನು ಇಳಿಯಲಿಲ್ಲ. ಇಂಜಿನ್ ಆರಿಸಲೂ ಇಲ್ಲ. ಬಲಗಡೆ ಕೂತಿದ್ದವನಿಗೆ, ಯಾರದೋ ಸೀಟಿನಲ್ಲಿ ಕೂತುಬಿಟ್ಟಿದ್ದೇನೆ ಎನಿಸಿತು. ಸಿನಿಮಾದಲ್ಲಿ ಟಿಕೆಟಿನವರು ಬಂದು ಏಳಿಸುತ್ತಾರಲ್ಲ, ಹಾಗೆ. ಸ್ಪೀಕರಿನಿಂದ ಮೆಲ್ಲಗೆ ಒಂದು ಸುಯ್ ಸದ್ದು ಬರುತ್ತಿತ್ತು. ಯಾರೋ ಮಾತು ಶುರುಮಾಡುವ ಮುಂಚೆ ಉಸಿರು ತೆಗೆದುಕೊಂಡು, ಅಲ್ಲೇ ತಡೆದಂತಿತ್ತು.

ನೆಲಮಹಡಿಯ ಎರಡು ಕೋಣೆಗಳಲ್ಲಿ ಯಾದಗಿರಿ ಕಡೆಯ ಶರಣಪ್ಪ, ಮಲ್ಲಮ್ಮ ಬಾಡಿಗೆಗಿದ್ದಾರೆ. ಅವನು ಲೇತ್ ಕೆಲಸದವನು. ಅವಳು ಶಾಂತಾಳ ಗಾರ್ಮೆಂಟ್ಸಿನಲ್ಲೇ ಹೊಲಿಗೆಗೆ ಇದ್ದವಳು. ಮನೆ ಕೊಡಿಸಿದವಳೂ ಶಾಂತಾಳೇ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟರಿನ ಸ್ವಿಚ್ಚು ಅವರ ಬಾಗಿಲ ಪಕ್ಕದಲ್ಲೇ ಇದೆ. ಆ ಹೊತ್ತಿಗೆ ಮೋಟರು ಓಡುತ್ತಿತ್ತು, ಮಲ್ಲಮ್ಮ ಹೊಸ್ತಿಲಿಗೆ ದೀಪ ಇಡುತ್ತಿದ್ದಳು. ಆಗ ಕಾರಿನ ನಾಲ್ಕೂ ಬಾಗಿಲುಗಳಿಂದ, ಗಾಜು ನಡುಗುವಂತೆ, ನನ್ನ ಹೆಂಡತಿ ಕೂಗಿದಳು.

"ರೀ! ಮೋಟರ್ ಆಫ್ ಮಾಡ್ರೀ! ನೀರು ಹರಿದು ಹೋಗ್ತಿದೆ!"

ಮಲ್ಲಮ್ಮ ಎದ್ದವಳೇ ಚಟ್ಟನೆ ಸ್ವಿಚ್ಚು ಒತ್ತಿ, "ಬಂದ್ ಮಾಡೀನ್ರಿ ಅಕ್ಕಾರ!" ಎಂದಳು. ಹೇಳಿಯಾದ ಮೇಲೆ ಅವಳ ಕೈ ಸ್ವಿಚ್ಚಿನ ಮೇಲೆಯೇ ಉಳಿಯಿತು. ನಿಧಾನವಾಗಿ ತಲೆ ತಿರುಗಿಸಿ ಕಾರಿನ ಕಡೆ ನೋಡಿದಳು. ನಾನು ಒಳಗಿನಿಂದ ಅವಳನ್ನು ನೋಡಿದೆ. ಮೋಟರು ನಿಂತ ಮೇಲಿನ ಆ ಮೌನದಲ್ಲಿ ಟ್ಯಾಂಕಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಇಬ್ಬರೂ ನಮ್ಮ ನಮ್ಮ ಮನೆಯೊಳಗೆ ಹೋದೆವು. ಅವತ್ತು ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಇಲಿಯಾಸರಲ್ಲಿಗೆ ಹೋದೆ. ಅವರು ಎರಡು ಪ್ರಶ್ನೆ ಕೇಳಿ ವಿಷಯ ಬಿಡಿಸಿಬಿಟ್ಟರು. ಮೇಲಿನ ಶೆಲ್ಫಿನಲ್ಲಿರುವ ಫೋನನ್ನು ಗೇಟಿನ ಹತ್ತಿರ ಕಾರು ಹಿಡಿದುಕೊಳ್ಳುತ್ತದೆ, ನನ್ನದನ್ನು ಬಿಡುತ್ತದೆ. ಅವಳ ಫೋನಿನಲ್ಲಿ ದಿನಾ ಸಂಜೆಯ ಒಂದು ಅಲಾರಂ ಇತ್ತು. ನನಗೂ ಆಗ ನೆನಪಾಯಿತು. ಟ್ಯಾಂಕು ತುಂಬಿತೆಂದು ಅಡಿಗೆಮನೆಯಿಂದ ದಿನಾ ಕೂಗಿ ಸಾಕಾಗಿ, "ಇನ್ಮೇಲೆ ಫೋನೇ ಕೂಗ್ಲಿ, ನನ್ನ ಗಂಟಲಿಗೂ ರಜೆ ಬೇಕು" ಎಂದು ತನ್ನ ದನಿಯನ್ನೇ ಅದರಲ್ಲಿ ಹಾಕಿಟ್ಟಿದ್ದಳು. ಅವಳ ಕಾರ್ಯದ ದಿನ ನೆಂಟರ ನಡುವೆ ಅದು ಕೂಗಿ ಎಲ್ಲರೂ ಬೆಚ್ಚಿಬಿದ್ದಾಗ, ರೇಖಾ ಅಳುತ್ತಾ ಫೋನಿನ ಸದ್ದನ್ನೆಲ್ಲ ಸೊನ್ನೆಗೆ ಇಳಿಸಿದ್ದಳು. ಅಂದರೆ ಇಷ್ಟು ದಿನವೂ ಸಂಜೆ ಸಂಜೆ ಅವಳು ಶೆಲ್ಫಿನ ಮೇಲೆ ಸದ್ದಿಲ್ಲದೆ ಕೂಗುತ್ತಲೇ ಇದ್ದಳು. ಕಾರು ಬಂದು ಅದಕ್ಕೊಂದು ಬಾಯಿ ಕೊಟ್ಟಿತ್ತು.

"ಮೇಡಮ್‌ದು ಫೋನ್ ತೆಗ್ದುಬಿಡ್ಲಾ ಸಾಬ್? ಒಂದು ಬಟನ್ ಕೆಲ್ಸ" ಎಂದರು ಇಲಿಯಾಸ್, ಬೆರಳನ್ನು ಪರದೆಯ ಹತ್ತಿರ ಹಿಡಿದು.

"ಇರ್ಲಿ" ಎಂದೆ.

ಅವರು ನನ್ನ ಮುಖ ನೋಡಿದರು. ಬೆರಳು ಹಿಂದಕ್ಕೆ ತೆಗೆದುಕೊಂಡು, ಅಂಗಿಗೆ ಒರೆಸಿಕೊಂಡು, "ಹಾಂ, ಇರ್ಲಿ ಬಿಡಿ. ಅದೇನು ಪೆಟ್ರೋಲ್ ಕುಡಿಯಲ್ಲ" ಎಂದರು.

ಕಾರಣ ತಿಳಿದ ಮೇಲೆ ಭಯ ಹೋಗಬೇಕಿತ್ತು. ನನಗೆ ಇನ್ನೊಂದು ಭಯ ಶುರುವಾಯಿತು: ಅಷ್ಟು ಹೊತ್ತಿಗೆ ಗೇಟು ತಲುಪದಿದ್ದರೆ? ಅಂಗಡಿಯಲ್ಲಿ ಅಂಟು ಒಣಗುವ ಮುಂಚೆಯೇ ಹೊರಡತೊಡಗಿದೆ. ಸಿಗ್ನಲ್ಲಿನಲ್ಲಿ ಕೆಂಪು ಬಿದ್ದರೆ ಬೆವರುತ್ತಿದ್ದೆ. ಮನೆ ತಲುಪಿ, ಕಾರು ನಿಲ್ಲಿಸಿ, ಇಳಿದು, ಸುತ್ತಿ ಬಂದು, ಎಡಗಡೆಯ ನನ್ನ ಹಳೆಯ ಜಾಗದಲ್ಲಿ ಗಾಜು ಏರಿಸಿಕೊಂಡು ಕೂತು ಕೇಳುತ್ತಿದ್ದೆ. ಕೂಗು ಮುಗಿದ ಮೇಲೆ ಎರಡು ನಿಮಿಷ ಹಾಗೇ ಕೂತು ಎದ್ದು ಹೋಗುತ್ತಿದ್ದೆ. ಅದರಿಂದ ಯಾರಿಗೇನು ನಷ್ಟ?

ಒಂದು ಸಂಜೆ ಹಾಗೆ ಕೂತಿದ್ದಾಗ ರೇಖಾಳೊಡನೆ ಮಾತಾಡಬೇಕೆನಿಸಿತು. ಅಷ್ಟರಲ್ಲಿ ನಾನು ಏಕವಚನ ಕಲಿತಿದ್ದೆ. "ರೇಖಾಗೆ ಕರೆ ಮಾಡು" ಎಂದೆ. ಯಂತ್ರ ಒಮ್ಮೆಗೇ ಅರ್ಥಮಾಡಿಕೊಂಡಿತು. ಬಹಳ ಹೊತ್ತು ರಿಂಗಾಯಿತು. ಎತ್ತಿದ ಮೇಲೂ ಆ ಕಡೆಯಿಂದ ಮಾತಿಲ್ಲ. ಆಮೇಲೆ, ಶಾಲೆಗೆ ಹೋಗುತ್ತಿದ್ದ ಕಾಲದ ನನ್ನ ಮಗಳ ದನಿ ಕೇಳಿತು: "...ಅಮ್ಮಾ?"

ಕರೆ ಹೋದದ್ದು ಯಾವ ಫೋನಿನಿಂದ ಎಂದು ನನಗೆ ಆಗ ಹೊಳೆಯಿತು.

"ನಾನು ಕಣಮ್ಮಾ. ಅಪ್ಪ."

ಅವಳು ಅತ್ತಳು, ಆಮೇಲೆ ಬೈದಳು. ಅವಳ ಅಮ್ಮನ ಗಂಟಲು ಅವಳಿಗೆ ಬಂದಿದೆ. "ನಾಳೆನೇ ಹೋಗಿ ತೆಗ್ಸಿಬಿಡು, ಅಪ್ಪಾ. ನನ್ ಕೈಲಾಗಲ್ಲ ಇದು" ಎಂದಳು. ಆಗಲಿ ಎಂದೆ. ತೆಗೆಸಲಿಲ್ಲ. ಅವಳು ಕೇಳಿದಾಗ ಶಿವಾಜಿನಗರದಲ್ಲಿ ಪಾರ್ಕಿಂಗ್ ಸಿಗುವುದಿಲ್ಲವೆಂದು ಹೇಳಿದೆ. ಅದು ಸುಳ್ಳಲ್ಲವಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಶರಣಪ್ಪ ಮೇಲೆ ಬಂದ. ಕೂರು ಎಂದರೂ ಕೂರಲಿಲ್ಲ. "ಅಣ್ಣಾರ, ತಪ್ಪ ತಿಳೀಬ್ಯಾಡ್ರಿ. ಕೆ.ಆರ್. ಪುರಂ ಕಡಿ ಒಂದು ಮನಿ ನೋಡಾಕತ್ತೀವಿ" ಎಂದ.

ರೇಖಾ ವಾರಕ್ಕೊಮ್ಮೆ ಬರುವವಳು. ಮಿಕ್ಕ ದಿನಗಳಲ್ಲಿ ಈ ಕಟ್ಟಡದಲ್ಲಿ ಮನುಷ್ಯರ ಸದ್ದೆಂದರೆ ಅವರಿಬ್ಬರದೇ. ಅವರ ಕುಕ್ಕರಿನ ವಿಸಿಲ್ ಕೇಳಿಯೇ ನಾನು ಅನ್ನಕ್ಕಿಡುವುದು. ದೆವ್ವಕ್ಕೆ ಹೆದರಿದ್ದಾರೆ, ಪಾಪ, ಹಳ್ಳಿಯವರು ಎಂದುಕೊಂಡೆ. ಶೆಲ್ಫಿನಿಂದ ಫೋನ್ ತೆಗೆದುಕೊಂಡು ಅವನ ಹಿಂದೆಯೇ ಕೆಳಗೆ ಇಳಿದೆ. ಮಲ್ಲಮ್ಮ ರೊಟ್ಟಿ ಬಡಿಯುತ್ತಿದ್ದಳು. ನಾನು ಮೇಷ್ಟರಂತೆ ನಿಂತು, ಬ್ಲೂಟೂತ್ ಎಂದರೇನು, ಫೋನನ್ನು ಕಾರು ಹೇಗೆ ಹಿಡಿಯುತ್ತದೆ, ದೆವ್ವ ಎಂಬುದು ಹೇಗಿಲ್ಲ ಎಂದೆಲ್ಲ ಇಲಿಯಾಸರ ಮಾತುಗಳಲ್ಲಿ ವಿವರಿಸಿದೆ.

ಮಲ್ಲಮ್ಮ ರೊಟ್ಟಿ ತಿರುವಿಹಾಕಿ ಹೇಳಿದಳು: "ಅದು ಫೋನಂತ ನಮಗ ಗೊತ್ತದ ರೀ ಅಣ್ಣಾರ. ಮೊದಲ್ನೇ ದಿನ ಎದಿ ಝಲ್ಲಂತು, ಖರೆ. ಆಮ್ಯಾಗ ತಿಳೀತು. ಅಕ್ಕಾರು ಅದನ್ನ ರೆಕಾರ್ಡ್ ಮಾಡೂ ಮುಂದ ಫೋನ್ ಹಿಡಕೊಂಡು ನಿಂತಾಕಿನ ನಾನು. ಎರಡು ಸಲ ನಗು ಬಂದು ಕೆಟ್ಟಿತ್ತು. ಮೂರನೇ ಸಲ, 'ಏ ಮಲ್ಲಿ, ನಗಬ್ಯಾಡ, ಗಂಭೀರ ಇರು' ಅಂತ ನನಗ ಬೈದು ಮಾಡಿದ್ರು."

ಇದು ನನಗೆ ಗೊತ್ತಿರಲಿಲ್ಲ. ಶಾಂತಾ ಆ ಕೂಗಿನ ಹಿಂದೆ ನಗುತ್ತಿದ್ದಳು ಎಂಬುದನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಮತ್ತೆ ಮನೆ ಯಾಕಮ್ಮಾ ಬಿಡೋದು? ಯಾವುದಕ್ಕೆ ಹೆದರಿಕೆ?" ಎಂದೆ.

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶರಣಪ್ಪ ಗೋಡೆಯ ಕಡೆ ತಿರುಗಿದ.

"ನಿಮ್ಮನ್ನ ನೋಡಿ ರೀ" ಎಂದಳು ಮಲ್ಲಮ್ಮ.

"ನನ್ನನ್ನಾ?"

"ಹೂಂ ಮತ್ತ! ಕತ್ತಲಾಗ ಗಾಜು ಏರಿಸ್ಕೊಂಡು ಕುಂತಿರ್ತೀರಿ. ಆ ಪರದಿ ಬೆಳಕು ಗದ್ದದ ಕೆಳಗ ನೀಲಿ ಬಡೀತಿರ್ತದ. ಖಾಲಿ ಸೀಟಿನ ಕಡಿ ತಿರುಗಿ ಕೈ ಮಾಡಿ ಮಾತಾಡ್ತೀರಿ. ನಡುವ ಸುಮ್ಮನಾಗಿ ಕೇಳಿಸ್ಕೊಂತೀರಿ. ಆಮ್ಯಾಗ ನಗ್ತೀರಿ. ಅಕ್ಕಾರು ಕೂಗಿದ್ದು ಒಂದು ಮಾತು, ಅಣ್ಣಾರ. ನೀವು ಯಾವ ಮಾತಿಗೆ ನಗ್ತೀರಿ?"

"ಎರಡು ನಿಮಿಷ ಕೂರ್ತೀನಪ್ಪ, ಅಷ್ಟೇ" ಎಂದೆ, ಶರಣಪ್ಪನ ಕಡೆ ನೋಡಿ.

"ಎರಡು ನಿಮಿಷ?" ಎಂದ ಅವನು. "ಇಕಿ ಅಡಗಿ ಮಾಡಿ, ನಾವು ಉಂಡು, ಭಾಂಡಿ ತಿಕ್ಕಿ ಮುಗದ್ರೂ ನೀವು ಅಲ್ಲೇ. ಇಕಿ ಹೊರಗ ಬರಾಕ ಒಲ್ಲೆ ಅಂತಾಳ."

ನಾನು ಅವರ ಹೊಸ್ತಿಲ ಮೇಲೆ ಕೂತುಬಿಟ್ಟೆ. ಕೈಯಲ್ಲಿದ್ದ ಫೋನನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. "ತೆಗೆಸಿಬಿಡ್ತೀನಿ" ಎಂದೆ.

"ಯಾಕ ತಗಸ್ತೀರಿ?" ಮಲ್ಲಮ್ಮನಿಗೆ ಸಿಟ್ಟು ಬಂತು. "ನಮ್ಮ ಅಕ್ಕಾರು ಅಲ್ಲೇನು? ನೀವೊಬ್ರ ಕೇಳೂದ್ಯಾಕ? ಗಾಜು ಇಳಸ್ರಿ, ಲೈಟ್ ಹಚ್ರಿ, ನಾವೂ ಕೇಳ್ತೀವಿ. ಕೇಳಿ ಆದ ಮ್ಯಾಲ ಕೆಳಗ ಇಳದು ಮನಷ್ಯಾರ ಜೋಡಿ ಮಾತಾಡ್ರಿ." ಎಂದವಳೇ ನನ್ನ ಮುಂದೆ ಒಂದು ತಟ್ಟೆ ಇಟ್ಟು ಬಿಸಿ ರೊಟ್ಟಿ ಹಾಕಿದಳು. ಕೆ.ಆರ್. ಪುರಂ ಮನೆಯ ಮಾತು ಅವತ್ತು ಮುಂದುವರಿಯಲಿಲ್ಲ. ಪೂರ್ತಿ ಮುಗಿದಿದೆ ಎಂದೂ ಹೇಳಲಾರೆ. ನಾನು ಎಷ್ಟು ಬೇಗ ಕಾರಿನಿಂದ ಇಳಿಯುತ್ತೇನೆಂದು ಶರಣಪ್ಪ ದಿನಾ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾನೆ. ನಾನು ಇಳಿಯುತ್ತೇನೆ.

ಇಷ್ಟು ದಿನವೂ ನಮ್ಮ ಮನೆಯಲ್ಲಿ ದೆವ್ವ ಉಂಟೋ ಇಲ್ಲವೋ ಎಂದು ಕತ್ತಲಲ್ಲಿ ಕಿವಿಗೊಟ್ಟು ಕೂತಿದ್ದೆ. ಉಂಟು. ಬಾಡಿಗೆಯವರು ಅದನ್ನು ಕಣ್ಣಾರೆ ಕಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದು ದಿನಾ ಸಂಜೆ ಹಲಸೂರಿನಿಂದ ಎರಡನೇ ಗೇರಿನಲ್ಲಿ ಮನೆಗೆ ಬರುತ್ತಿತ್ತು.