ಮಾವನನ್ನು ಎಬ್ಬಿಸುವ ಸದ್ದು

ನನ್ನ ಸೋದರಮಾವ ಹಗಲು ಹೊತ್ತಿನಲ್ಲಿ ಒಮ್ಮೆಯೂ ನಿದ್ದೆ ಮಾಡಿದವರಲ್ಲ. ನಂಬಿಕೆ ಬರದಿದ್ದರೆ ಅವರನ್ನೇ ಕೇಳಿ! ಕಣ್ಣು ಮುಚ್ಚಿ, ಬಾಯಿ ತೆರೆದು, ಗೋಡೆಯ ಕ್ಯಾಲೆಂಡರ್ ಅಲುಗುವ ಹಾಗೆ ಗೊರಕೆ ಹೊಡೆಯುತ್ತಾ ಅವರು ಮಾಡುವುದು ನಿದ್ದೆಯಲ್ಲ, "ಸಣ್ಣ ಒಂದು ಆಲೋಚನೆ". ಊಟ ಮುಗಿದು ಕೈ ಒರೆಸಿಕೊಳ್ಳುವಾಗ ಶುರುವಾದ ಆಲೋಚನೆ ಸಂಜೆಯ ಚಹಾ ಬಂದಾಗ ಮುಗಿಯುತ್ತದೆ. ದೇಶ ನಡೆಸುವವರೂ ಇಷ್ಟು ಆಲೋಚಿಸುತ್ತಾರೋ ಇಲ್ಲವೋ!

ಇದು ಕೆಲಸದಲ್ಲಿದ್ದಾಗ ಅಂಟಿದ ಅಭ್ಯಾಸ. ಬೆಳ್ಳಾರೆಯಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಮಾವ ಕಂಡಕ್ಟರ್ ಆಗಿದ್ದರು. ಒಂದು ಕೈಯಲ್ಲಿ ಕಂಬಿ, ಕಂಕುಳಲ್ಲಿ ಚಿಲ್ಲರೆಯ ಚೀಲ, ನಿಂತಲ್ಲೇ ಆಲೋಚನೆ. ಹಾರ್ನಿಗಾಗಲಿ, ಬ್ರೇಕಿಗಾಗಲಿ ಅವರ ರೆಪ್ಪೆ ಅಲುಗುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಯಾರೋ ಮೆಲ್ಲಗೆ "ಇಳೀಲಿಕ್ಕುಂಟು" ಎಂದರೆ ಸಾಕು, ಕಣ್ಣು ಬಿಡುವ ಮೊದಲೇ ಸೀಟಿ ಊದುತ್ತಿದ್ದರು.

ನಿವೃತ್ತಿಯಾಗಿ ಮಾವ ಬಸ್ಸನ್ನು ಬಿಟ್ಟರು, ಬಸ್ಸು ಮಾವನನ್ನು ಬಿಡಲಿಲ್ಲ. ಈಗ ಅದು ಕನಸಿನಲ್ಲಿ ಬರುತ್ತದೆ. ಅದಕ್ಕೆ ಡ್ರೈವರ್ ಇಲ್ಲ, ಸದ್ದಿಲ್ಲ. ಪೇಟೆ ದಾಟಿದ ಮೇಲೆ ಚಕ್ರ ರಸ್ತೆ ಮುಟ್ಟುವುದೇ ಇಲ್ಲವಂತೆ. ಮಂಜಿನ ಮೇಲೆ ತೇಲುತ್ತಾ ಪುತ್ತೂರಿನಲ್ಲೂ ನಿಲ್ಲದೆ ಮುಂದೆ ಹೋಗುತ್ತದಂತೆ. ಟಿಕೆಟ್ ಕೇಳಿದರೆ ಎಲ್ಲರೂ ಸುಮ್ಮನೆ ನಗುತ್ತಾರಂತೆ. ಮುಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ಯಾವಾಗಲೂ ಅತ್ತೆ.

"ನಾನಾದ್ರೂ ಟಿಕೆಟ್ ತಗೊಂಡಿದ್ದೇನಾ?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ನಿನಗೆ ಪಾಸ್ ಉಂಟು ಮಾರಾಯ್ತಿ!"

ಅಂಥ ಅತ್ತೆಯ ಶ್ವಾಸಕೋಶ ಕೈಕೊಟ್ಟು, ಬೆಳ್ಳಾರೆ ಪೇಟೆಯ ಅವರ ಮನೆಗೆ ಆಕ್ಸಿಜನ್ ಮೆಷಿನ್ ಬಂತು. ಕರೆಂಟಿದ್ದರೆ ಅದು ಗುಂಯ್‌ಗುಡುತ್ತಾ ಕೆಲಸ ಮಾಡುತ್ತದೆ. ಕರೆಂಟು ಹೋದರೆ ಕುಂಯ್ ಕುಂಯ್ ಎಂದು ಕೂಗುತ್ತದೆ. ಆಗ ಯಾರಾದರೂ ಓಡಿಬಂದು, ಅತ್ತೆಯ ಮೂಗಿನ ಕೊಳವೆಯನ್ನು ಪಕ್ಕದ ಸಿಲಿಂಡರಿಗೆ ಸಿಕ್ಕಿಸಬೇಕು. ಮಗ ಸುಳ್ಯದ ಅಂಗಡಿಯಲ್ಲಿ, ಸೊಸೆ ಶಾಲೆಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಆ 'ಯಾರಾದರೂ' ಎಂದರೆ ಯಾರು ಹೇಳಿ? ನಮ್ಮ ಆಲೋಚನಾಪರರೇ!

ನನ್ನ ಉದ್ಯೋಗವೋ, ಇಂಥ ಯಂತ್ರಗಳ ಗುಂಡಿ, ಪರದೆ, ಸದ್ದು ಹೇಗಿರಬೇಕೆಂದು ನೋಡುವುದು. ಗಾಬರಿಯಲ್ಲಿರುವ ಮನುಷ್ಯನ ಕೈಯಲ್ಲೂ ತಪ್ಪಾಗಬಾರದು ಎಂಬುದು ನಮ್ಮ ಧ್ಯೇಯ. ಗಾಬರಿಯೇ ಆಗದ ಮನುಷ್ಯನ ಬಗ್ಗೆ ಯಾರೂ ಪಾಠ ಮಾಡಿರಲಿಲ್ಲ.

ಒಂದು ಮಧ್ಯಾಹ್ನ ನಾನು ಹೋದಾಗ ಕರೆಂಟಿರಲಿಲ್ಲ. ಮೆಷಿನ್ ಕೂಗುತ್ತಿತ್ತು. ಕೂಗಲು ಉಸಿರಿಲ್ಲದ ಅತ್ತೆ ಚಮಚದಿಂದ ಲೋಟ ಬಡಿಯುತ್ತಿದ್ದರು, ತುಟಿ ನೀಲಿಯಾಗಿತ್ತು. ಕೊಳವೆ ಬದಲಿಸಿ, ಸಿಟ್ಟಿನಿಂದ ಹೊರಗೆ ಬಂದರೆ, ಚಾವಡಿಯ ಆರಾಮಕುರ್ಚಿಯಲ್ಲಿ ಮಾವ ಕಣ್ಣು ಮುಚ್ಚಿಕೊಂಡೇ ಮೆಷಿನ್ನಿಗೆ ಉತ್ತರ ಕೊಡುತ್ತಿದ್ದರು: "ರೈಟ್, ರೈಟ್... ಹೋಗ್ಲಿ!"

ವಿಷಯ ತಿಳಿದ ಮೇಲೆ ಮಾವ ಆ ದಿನ ಚಹಾ ಕುಡಿಯಲಿಲ್ಲ.

ಕರೆಂಟು ಹೋದ ಕೂಡಲೇ, ನಾವು ತುಂಬಿಸಿದ ಸದ್ದಿನಲ್ಲಿ ತಾನೇ ಕೂಗುವ ಒಂದು ಡಬ್ಬಿ ಮಾಡಿ ತಂದೆ. ಅತ್ತೆಗೆ ಮೊದಲೇ ಸಿಲಿಂಡರ್ ಜೋಡಿಸಿಟ್ಟು ಪರೀಕ್ಷೆ ಶುರು. ಮೊದಲು ಆಂಬುಲೆನ್ಸಿನ ಸದ್ದು ಹಾಕಿದೆ. ಅದಕ್ಕೆ ಏಳದ ಹೆಣವೂ ಇಲ್ಲ ಎಂಬುದು ನನ್ನ ಧೈರ್ಯ! ಮಾವ ಗೋಡೆಯ ಕಡೆಗೆ ಹೊರಳಿದರು, ಅಷ್ಟೆ.

ಆಮೇಲೆ ಕೇಳಿದರೆ, "ಆಂಬುಲೆನ್ಸ್ ಬಂತಲ್ಲ, ಸೈಡ್ ಕೊಟ್ಟೆ" ಎಂದರು.

ಬೇರೆ ಥರ ಇರಲಿ ಎಂದು ಪೋಂ ಪೋಂ ಸದ್ದು ಹಾಕಿದೆ. ಎಲ್ಲಿತ್ತೋ ಬೆಕ್ಕು, ಬಾಣದ ಹಾಗೆ ಬಂತು. ಹಿಂದೆಯೇ ಪಕ್ಕದ ಮನೆಯ ಐಸಮ್ಮ ಪಾತ್ರೆ ಹಿಡಿದು ಓಡಿಬಂದರು.

"ಎಲ್ಲಿ ಮೀನಿನ ಗಾಡಿ? ಬಂಗುಡೆ ಉಂಟಾ?"

ಇಡೀ ಓಣಿ ಎಚ್ಚರವಾಯಿತು, ಒಬ್ಬರನ್ನು ಬಿಟ್ಟು!

ಸೋತು ಮಾವನನ್ನೇ ಕೇಳಿದೆ. "ಮಾವ, ನಿಮ್ಮನ್ನು ಎಬ್ಬಿಸುದು ಹೇಗೆ?"

"ಹಾರ್ನಿಗೆಲ್ಲ ಯಾವ ಕಂಡಕ್ಟರ್ ಏಳ್ತಾನೆ ಮಗಳೇ? ಅದು ಡ್ರೈವರನ ಕೆಲಸ. ಕಂಡಕ್ಟರನಿಗೆ ಜನ ಕರೀಬೇಕು." ಅತ್ತೆಯ ಕಡೆ ತಿರುಗಿ, "ಇವಳು ಕರೆದ್ರೆ ನಾನು ಏಳದೆ ಇದ್ದದ್ದುಂಟಾ?" ಎಂದರು.

ನಿಜವೇ. ಆದರೆ ಅತ್ತೆ ಕರೆಯುವುದು ಹೇಗೆ? ಫೋನ್ ಹಿಡಿದು ದನಿ ಮುದ್ರಿಸಲು ಕೂತೆವು. "ಓಯ್" ಎನ್ನುವಷ್ಟರಲ್ಲಿ ಉಸಿರು ಮುಗಿಯಿತು. ಮತ್ತೆ ಕೇಳಿ ನೋಡಿದರೆ ಅದರಲ್ಲಿದ್ದದ್ದು ಬರೀ ಏದುಸಿರು. ಅತ್ತೆ ಮುಖ ತಿರುಗಿಸಿದರು.

ಆಗ ನೆನಪಾದದ್ದು ನನ್ನ ಮದುವೆಯ ವಿಡಿಯೋ. ಧಾರೆಯ ಹೊತ್ತಿಗೆ ಸೋದರಮಾವ ನಾಪತ್ತೆ. ಅಡುಗೆಯ ಉಗ್ರಾಣದಲ್ಲಿ ಅಕ್ಕಿಮುಡಿಗೆ ಒರಗಿ ಆಲೋಚನೆ! ವಾದ್ಯದವರೂ ಬಾಯಿ ಮುಚ್ಚುವ ಹಾಗೆ ಅತ್ತೆ ಕೂಗಿದ್ದರು. ಆ ಕೂಗನ್ನೇ ಕತ್ತರಿಸಿ ಡಬ್ಬಿಗೆ ತುಂಬಿದೆ.

ಪರೀಕ್ಷೆಯ ದಿನ ಸ್ವಿಚ್ ತೆಗೆದದ್ದೇ ತಡ:

"ಓಯ್! ಎಲ್ಲಿದ್ದೀರಿ? ಬೇಗ ಬನ್ನಿ ಮಾರಾಯ್ರೆ!"

"ಬಂದೆ, ಬಂದೆ!" ಲುಂಗಿ ಒಂದು ಕೈಯಲ್ಲಿ, ಕನ್ನಡಕ ಇನ್ನೊಂದು ಕೈಯಲ್ಲಿ, ಮಾವ ಮಂಚದ ಬಳಿ ಹಾಜರು! ಡಬ್ಬಿಯನ್ನು ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಡಬ್ಬಿಯನ್ನು ನೋಡಿದರು. ಬೈಗುಳ ತಿಂದ ಮನುಷ್ಯನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಎಷ್ಟೋ ಸಲ ಕರೆಂಟು ಹೋಯಿತು. ಒಮ್ಮೆಯೂ ಅತ್ತೆ ಲೋಟ ಬಡಿಯಬೇಕಾಗಿ ಬರಲಿಲ್ಲ.

ಮೊನ್ನೆ ಹೋದಾಗ ನಡು ಮಧ್ಯಾಹ್ನ, ಮಾವ ಎಚ್ಚರವಾಗಿದ್ದರು! ಮಂಚದ ಪಕ್ಕ ಸಪ್ಪೆ ಮುಖ ಹಾಕಿ ಕೂತಿದ್ದರು. ಅತ್ತೆಗೆ ಈಗ ಪಿಸುಗುಟ್ಟಲೂ ಆಗುವುದಿಲ್ಲ.

"ಎಂತ ಮಾವ, ಇವತ್ತು ಆಲೋಚನೆ ಇಲ್ವಾ?"

"ಎಂತ ಹೇಳುದು ಮಗಳೇ. ಒಂದು ವಾರದಿಂದ ಕರೆಂಟೇ ಹೋಗ್ಲಿಲ್ಲ."

ನಮ್ಮ ಸುಳ್ಯ ಸೀಮೆಯಲ್ಲಿ ಕರೆಂಟು ಹೋಗಲಿಲ್ಲ ಎಂದು ದೂರಿದವರು ಯಾರಾದರೂ ಇದ್ದಾರೆಯೇ? ನಗಲು ಬಾಯಿ ತೆರೆದೆ. ಅವರ ಕಣ್ಣು ಡಬ್ಬಿಯ ಮೇಲೆ ನೆಟ್ಟದ್ದು ಕಂಡು ನಗು ಅಲ್ಲೇ ನಿಂತಿತು.

"ಮಾವ, ಇಲ್ಲೊಂದು ಗುಂಡಿ ಉಂಟು ನೋಡಿ. ಡಬ್ಬಿ ಸರಿ ಉಂಟಾ ಅಂತ ದಿನಾ ಒತ್ತಿ ನೋಡ್ಬೇಕು" ಎಂದೆ. ಸುಳ್ಳಲ್ಲ, ಸುರಕ್ಷತೆಯ ನಿಯಮವೇ ಅದು.

ಮಾವ ಮೆಲ್ಲಗೆ ಒತ್ತಿದರು. "ಓಯ್! ಎಲ್ಲಿದ್ದೀರಿ?" ತುಂಬಿದ ಉಸಿರಿನ ಅತ್ತೆಯ ದನಿ ಕೋಣೆಯಲ್ಲೆಲ್ಲ ಹರಡಿತು. ಕೊಳವೆಯ ಕೆಳಗೆ ಅತ್ತೆಯ ತುಟಿ ನಕ್ಕಿತು.

ಮಾವ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇಲ್ಲೇ ಇದ್ದೇನೆ ಮಾರಾಯ್ತಿ. ನೀನು ಮಾತ್ರ ಈಗಲೇ ಇಳೀಬೇಡ."